ಕೂಲಿಗೆ ಬಂದ ರಾಕ್ಷಸರು

ಕಡಿದಾದ ಒಂದು ಕಣಿವೆ. ಅದರ ಇಕ್ಕೆಲಗಳ ಬಂಡೆಗಳಲ್ಲಿ ಸಾಲು ಸಾಲು ಗುಹೆಗಳು. ಒಂದು ಗುಹೆಯಲ್ಲಿ ಗಾಬ್ಲಿನ್ ಎಂಬ ಕುಳ್ಳ ದೈತ್ಯಕುಲದ ಬಿಡಾರ. ಕತ್ತಿ, ದೀವಟಿಗೆ ಹಿಡಿದ ಸಾಹಸಿಗಳ ತಂಡವೊಂದು ಅಲ್ಲಿಗೆ ನುಗ್ಗುತ್ತದೆ. ಇವರನ್ನು ಎದುರಿಸುವುದು ತಮ್ಮ ಕೈಲಾಗದೆಂದು ಕಾವಲಿನ ಗಾಬ್ಲಿನ್‌ಗಳಿಗೆ ಗೊತ್ತಾಗುತ್ತದೆ. ಕೂಡಲೇ ಅವು ಗೋಡೆಯಲ್ಲಿನ ಗುಪ್ತ ಬಾಗಿಲ ಬಳಿಗೆ ಓಡಿ ಒಂದು ಚೀಲವನ್ನು ಆಚೆಗೆ ಎಸೆಯುತ್ತವೆ. ಚೀಲದಲ್ಲಿರುವುದು 250 ಚಿನ್ನದ ನಾಣ್ಯ. ಆಚೆ ಬದಿಯಲ್ಲಿ ಓಗರ್ ಎಂಬ ಭಾರೀ ಗಾತ್ರದ ನರಭಕ್ಷಕನ ವಾಸ. ಚೀಲ ಬಿದ್ದ ಸದ್ದು ಕೇಳಿದೊಡನೆ ಅವನು ಗದೆಯೆತ್ತಿಕೊಂಡು ಗಾಬ್ಲಿನ್‌ಗಳ ಪರವಾಗಿ ಯುದ್ಧಕ್ಕೆ ಬರುತ್ತಾನೆ.

ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಸಾಹಸಿಗಳಲ್ಲಿ ಯಾರಾದರೂ ಅದಕ್ಕಿಂತ ಹೆಚ್ಚು ಹಣವನ್ನು ಕಣ್ಣಿಗೆ ಕಾಣುವಂತೆ ಮುಂದಿಟ್ಟರೆ ಆ ಓಗರ್ ಪಕ್ಷ ಬದಲಿಸುವ ಸಂಭವ ನೂರಕ್ಕೆ ತೊಂಬತ್ತು. ಬಾಯಿಮಾತಿನ ವಾಗ್ದಾನವನ್ನು ಅವನು ನಂಬುವುದಿಲ್ಲ. ನಗದು ಕೈಗೆ ತಾಗಬೇಕು.

ಈ ಗುಹೆ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಇದು 1979ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಬರೆದ, ‘ಗಡಿನಾಡಿನ ಕೋಟೆ’ ಎಂಬರ್ಥದ ಹೆಸರಿನ ಒಂದು ಆಟದ ಪುಸ್ತಿಕೆಯಲ್ಲಿರುವ ಸನ್ನಿವೇಶ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ಹೊಸದಾಗಿ ಕಲಿಯುವವರ ಕೈಗೆ ಸಿಗುತ್ತಿದ್ದ ಪೆಟ್ಟಿಗೆಯಲ್ಲಿ ಈ ಪುಸ್ತಿಕೆಯೂ ಇರುತ್ತಿದ್ದುದರಿಂದ, ಒಂದಿಡೀ ತಲೆಮಾರಿನ ಆಟಗಾರರು ರಾಕ್ಷಸರನ್ನು ಮೊದಲು ಕಂಡದ್ದು ಈ ಕಣಿವೆಯಲ್ಲಿ. ಅಲ್ಲಿ ಅವರು ಕಲಿತ ಮೊದಲ ಪಾಠಗಳಲ್ಲಿ ಒಂದು ಹೀಗಿತ್ತು: ರಾಕ್ಷಸನಿಗೂ ಒಂದು ಬೆಲೆಯಿದೆ, ಅವನನ್ನು ಕೊಲ್ಲಲೇಬೇಕೆಂದಿಲ್ಲ, ಕೊಳ್ಳಲೂಬಹುದು.

ಕೇಳಲು ಇದು ಕ್ಷುಲ್ಲಕ ಸಂಗತಿ ಎನಿಸಬಹುದು. ಆದರೆ ಕಾಲ್ಪನಿಕ ರಾಕ್ಷಸಕುಲಗಳನ್ನು ಕೂಲಿ ಸೈನಿಕರನ್ನಾಗಿ ಮಾಡಿದ ಈ ಯೋಚನೆಯ ಹಿಂದೆ ಯುರೋಪಿನ ನಿಜವಾದ ಕೂಲಿ ದಂಡುಗಳ ದೀರ್ಘ ಇತಿಹಾಸವಿದೆ. ಮುಂದೆ, ಈ ಆಟಗಳೇ ಎದುರಿಸಬೇಕಾಗಿ ಬಂದ ಒಂದು ನೈತಿಕ ಪ್ರಶ್ನೆಯೂ ಇದೆ. ಯಾರನ್ನು ನಾವು ರಾಕ್ಷಸ ಎನ್ನುತ್ತೇವೆ, ಯಾರನ್ನು ಮನುಷ್ಯ ಎನ್ನುತ್ತೇವೆ ಎಂಬುದು ಆ ಪ್ರಶ್ನೆ.

ದಾಳ ಮತ್ತು ಮಾತು

ಮೊದಲು ಆಟದ ಸ್ವರೂಪವನ್ನು ತಿಳಿಯೋಣ. ನಮ್ಮ ಓದುಗರಿಗೆ ಇದನ್ನು ವಿವರಿಸಲು ಎರಡು ಹೋಲಿಕೆಗಳು ಸಾಕು. ಒಂದು ಪಗಡೆ, ಇನ್ನೊಂದು ತಾಳಮದ್ದಳೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲಿಯೇ ಪಾತ್ರವಾಗಿ ಆಶುವಾಗಿ ಮಾತನಾಡುತ್ತಾರೆ. ಈ ಆಟದಲ್ಲಿಯೂ ನಾಲ್ಕೈದು ಜನ ಮೇಜಿನ ಸುತ್ತ ಕುಳಿತು ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಹೀಗೆ ಒಂದೊಂದು ಪಾತ್ರ ವಹಿಸಿ ತಾವು ಏನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ. ಸೂತ್ರಧಾರನೊಬ್ಬ ಉಳಿದ ಜಗತ್ತನ್ನೆಲ್ಲ ನಡೆಸುತ್ತಾನೆ. ಕಾಡು, ಕೋಟೆ, ಹಳ್ಳಿಗರು, ಶತ್ರುಗಳು ಎಲ್ಲರೂ ಅವನ ಪಾಲು. ಫಲ ಅನಿಶ್ಚಿತವಾಗಿರುವಲ್ಲಿ ದಾಳ ತೀರ್ಮಾನಿಸುತ್ತದೆ. ಆರು ಮುಖದ ದಾಳವಷ್ಟೇ ಅಲ್ಲದೆ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳೂ ಇವೆ. ತಾಳಮದ್ದಳೆಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು; ಇಲ್ಲಿ ಅದು ಯಾರಿಗೂ ಗೊತ್ತಿಲ್ಲ.

ಈ ಆಟ ಹುಟ್ಟಿದ್ದು ಯುದ್ಧದ ಆಟಗಳಿಂದ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರಷ್ಯಾದ ಸೇನಾಧಿಕಾರಿಗಳು ನಕ್ಷೆಯ ಮೇಲೆ ದಾಳ ಹಾಕಿ ಕದನದ ತಾಲೀಮು ನಡೆಸುತ್ತಿದ್ದರು. ಕಾಲಾನಂತರ ಅದು ನಾಗರಿಕರ ಹವ್ಯಾಸವಾಯಿತು. 1971ರಲ್ಲಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಮಧ್ಯಯುಗದ ಯುದ್ಧಗಳಿಗಾಗಿ ‘ಚೈನ್‌ಮೇಲ್’ ಎಂಬ ನಿಯಮಾವಳಿ ತಂದರು. ಅದರ ಕೊನೆಗೆ ಡ್ರ್ಯಾಗನ್, ಮಾಂತ್ರಿಕ, ದೈತ್ಯರನ್ನು ಸೇರಿಸಿ ಆಡಲು ಒಂದು ಅನುಬಂಧವಿತ್ತು. ಮಿನ್ನೆಸೋಟದ ಡೇವ್ ಆರ್ನೆಸನ್ ಅದನ್ನು ತನ್ನ ‘ಬ್ಲ್ಯಾಕ್‌ಮೂರ್’ ಆಟಕ್ಕೆ ಅಳವಡಿಸಿಕೊಂಡು, ಒಬ್ಬ ಆಟಗಾರನಿಗೆ ಒಂದು ಸೈನ್ಯದ ಬದಲು ಒಂದೇ ಪಾತ್ರ ಕೊಟ್ಟ. ಇಬ್ಬರ ಕೆಲಸವೂ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರಬಂತು. ಮೊದಲ ಮುದ್ರಣ ಒಂದು ಸಾವಿರ ಪೆಟ್ಟಿಗೆಗಳು.

ಸೈನ್ಯದ ಆಟದಿಂದ ಹುಟ್ಟಿದ್ದರಿಂದ ರಾಕ್ಷಸರು ಈ ಆಟದೊಳಗೆ ಬರುವಾಗಲೇ ಪಡೆಗಳಾಗಿ ಬಂದರು. ‘ಚೈನ್‌ಮೇಲ್’ನಲ್ಲಿ ಆರ್ಕ್‌ಗಳಿಗೆ ಹಲವು ಕುಲಗಳು. ಒಂದೇ ಪಕ್ಷದಲ್ಲಿದ್ದರೂ ಬೇರೆ ಬೇರೆ ಕುಲದ ಆರ್ಕ್‌ಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ, ದಾಳ ಅನುಕೂಲವಾಗಿ ಬೀಳದಿದ್ದಲ್ಲಿ ಅವು ಶತ್ರುವನ್ನು ಬಿಟ್ಟು ತಮ್ಮತಮ್ಮಲ್ಲೇ ಬಡಿದಾಡಿಕೊಳ್ಳುತ್ತವೆ. ಅಂದರೆ ಆರಂಭದಿಂದಲೂ ಅವಕ್ಕೆ ಕುಲವಿತ್ತು, ಹಗೆಯಿತ್ತು, ನಾಯಕರಿದ್ದರು. ಇಷ್ಟಿದ್ದ ಮೇಲೆ ಸಂಬಳ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ.

ಹೆಸರುಗಳ ಮೂಲ

ಈ ಕುಲಗಳ ಹೆಸರುಗಳು ಎಲ್ಲೆಲ್ಲಿಂದಲೋ ಬಂದವು. ‘ಆರ್ಕ್’ ಎಂಬುದು ಜೆ. ಆರ್. ಆರ್. ಟೋಲ್ಕಿನ್‌ನಿಂದ ಬಂತು. ಆಕ್ಸ್‌ಫರ್ಡ್‌ನ ಈ ಭಾಷಾಶಾಸ್ತ್ರಜ್ಞ ‘ಬೇವುಲ್ಫ್’ ಎಂಬ ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಒಂದು ಬಗೆಯ ಪಿಶಾಚಿಗೆ ಬಳಸಿದ ಪದದಿಂದ ಅದನ್ನು ತೆಗೆದುಕೊಂಡ. ಕೋಬೋಲ್ಡ್ ಎಂಬುದು ಜರ್ಮನ್ ಗಣಿಗಾರರ ನಂಬಿಕೆಯ ಗಣಿಭೂತ. ಕೋಬಾಲ್ಟ್ ಲೋಹಕ್ಕೆ ಹೆಸರು ಬಂದದ್ದು ಅದರಿಂದಲೇ. ಕತ್ತೆಕಿರುಬದ ತಲೆಯ ನೋಲ್‌ಗಳ ಹೆಸರು ಐರಿಷ್ ಲೇಖಕ ಲಾರ್ಡ್ ಡನ್‌ಸೇನಿಯ 1912ರ ಒಂದು ಕಥೆಯದು. ಡನ್‌ಸೇನಿ ಅವುಗಳ ರೂಪವನ್ನೇ ಸ್ಪಷ್ಟವಾಗಿ ಹೇಳಿರಲಿಲ್ಲವಾದ್ದರಿಂದ 1974ರ ಆಟದಲ್ಲಿ ಅವು ಇನ್ನೇನೋ ಆಗಿದ್ದವು. ಕತ್ತೆಕಿರುಬದ ಮುಖ 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಹೊತ್ತಿಗೆ ಅಂಟಿಕೊಂಡಿತು.

ಹಾಬ್‌ಗಾಬ್ಲಿನ್‌ನ ಕಥೆ ಇನ್ನೂ ವಿಚಿತ್ರ. ಇಂಗ್ಲಿಷ್ ಜನಪದದಲ್ಲಿ ಅದು ಮನೆಯಲ್ಲಿ ತುಂಟಾಟ ಮಾಡುವ ಪುಟ್ಟ ಭೂತ. ಟೋಲ್ಕಿನ್ ಅದನ್ನು ಗಾಬ್ಲಿನ್‌ಗಿಂತ ದೊಡ್ಡ ಜಾತಿ ಎಂದು ಬರೆದ. ಆಮೇಲೆ, ಜನಪದದಲ್ಲಿ ಇದು ತಿರುಗುಮುರುಗು ಎಂದು ತಾನೇ ಒಪ್ಪಿಕೊಂಡ. ಅಷ್ಟು ಹೊತ್ತಿಗೆ ತಪ್ಪು ಬೇರೂರಿತ್ತು. ಆಟದಲ್ಲಿ ಹಾಬ್‌ಗಾಬ್ಲಿನ್ ಎಂದರೆ ಎತ್ತರದ, ಶಿಸ್ತಿನ, ಕವಾಯತು ಬಲ್ಲ ಸಿಪಾಯಿ. ಮನೆಯ ಮೂಲೆಯ ತುಂಟ ಭೂತ ಹೀಗೆ ಕಸುಬಿನ ಯೋಧನಾಯಿತು.

ಟೋಲ್ಕಿನ್‌ನ ಆರ್ಕ್‌ಗಳು ಕೂಲಿಗಾರರಲ್ಲ. ಅವು ಕತ್ತಲ ಪ್ರಭುವಿನ ಗುಲಾಮರು. ಆದರೂ ‘ಲಾರ್ಡ್ ಆಫ್ ದ ರಿಂಗ್ಸ್’ನಲ್ಲಿ ಮನಸ್ಸಿನಲ್ಲಿ ಉಳಿಯುವ ಒಂದು ಸನ್ನಿವೇಶವಿದೆ. ಗೋರ್‌ಬ್ಯಾಗ್, ಶ್ಯಾಗ್ರಾಟ್ ಎಂಬ ಇಬ್ಬರು ಆರ್ಕ್ ನಾಯಕರು ಕೆಲಸದ ನಡುವೆ ಬೇಸರದ ಮಾತಾಡುತ್ತಾರೆ. ದೊಡ್ಡವರ ಕಾಟ ಸಾಕಾಗಿದೆ, ಈ ಯುದ್ಧ ಮುಗಿದ ಮೇಲೆ ನಂಬಿಕಸ್ತ ನಾಲ್ಕು ಜನರನ್ನು ಕಟ್ಟಿಕೊಂಡು ಸ್ವತಂತ್ರವಾಗಿ ಎಲ್ಲಾದರೂ ನೆಲೆಸೋಣ ಎಂಬುದು ಅವರ ಆಸೆ. ಹುಟ್ಟಾ ದುಷ್ಟರೆಂದು ಲೇಖಕ ತಂದ ಪಾತ್ರಗಳು ಒಂದೆರಡು ಪುಟದ ಮಟ್ಟಿಗೆ ಬೇಸತ್ತ ಸಿಪಾಯಿಗಳಾಗಿಬಿಡುತ್ತವೆ. ಇಡೀ ಒಂದು ಜನಾಂಗ ಉದ್ಧಾರವೇ ಇಲ್ಲದಷ್ಟು ಕೆಟ್ಟದ್ದಾಗಿರಲು ಸಾಧ್ಯವೇ ಎಂಬ ಶಂಕೆ ಕ್ಯಾಥೊಲಿಕ್ ಶ್ರದ್ಧೆಯ ಟೋಲ್ಕಿನ್‌ನನ್ನು ಕೊನೆಯವರೆಗೂ ಕಾಡಿತು.

ಸಂಬಳದ ಪಟ್ಟಿ

ಆಟದಲ್ಲಿ ಈ ಶಂಕೆಗೆ ತತ್ತ್ವಶಾಸ್ತ್ರದ ಉತ್ತರ ದೊರೆಯಲಿಲ್ಲ. ಲೆಕ್ಕಪತ್ರದ ಉತ್ತರ ದೊರೆಯಿತು. 1974ರ ಮೂಲ ಪುಸ್ತಕದಲ್ಲಿ ಎಲ್ಲ ಜೀವಿಗಳನ್ನೂ ಮೂರು ಪಂಗಡಗಳಾಗಿ ವಿಂಗಡಿಸಲಾಗಿದೆ: ಧರ್ಮಪಕ್ಷ, ತಟಸ್ಥ ಪಕ್ಷ, ಅರಾಜಕ ಪಕ್ಷ. ಆರ್ಕ್ ಮತ್ತು ಓಗರ್‌ಗಳ ಹೆಸರು ಅರಾಜಕ ಪಕ್ಷದಲ್ಲಿಯೂ ಇದೆ, ತಟಸ್ಥ ಪಕ್ಷದಲ್ಲಿಯೂ ಇದೆ. ಯಾವ ಕಡೆಗೂ ಸೇರಬಲ್ಲವರು ಎಂದೇ ಇದರ ಅರ್ಥ. ಅದೇ ಪುಸ್ತಕದಲ್ಲಿ ರಾಕ್ಷಸರಿಗೆ ಪ್ರತಿಫಲದ ಆಸೆ ತೋರಿಸಿ ಸೇವೆಗೆ ಸೇರಿಸಿಕೊಳ್ಳುವ ನಿಯಮವೂ ಇದೆ. ಎರಡು ದಾಳ ಹಾಕಬೇಕು. ತೀರಾ ಕಡಿಮೆ ಬಿದ್ದರೆ ರಾಕ್ಷಸ ಮೇಲೆರಗುತ್ತಾನೆ. ಹೆಚ್ಚು ಬಿದ್ದರೆ ಒಪ್ಪುತ್ತಾನೆ, ಕೆಲವೊಮ್ಮೆ ಉತ್ಸಾಹದಿಂದಲೇ ಒಪ್ಪುತ್ತಾನೆ. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’, ಓಗರ್‌ಗಳು ಆರ್ಕ್ ಕುಲಗಳ, ನೋಲ್‌ಗಳ, ದುಷ್ಟ ಪುರೋಹಿತರ ಪಡೆಗಳಲ್ಲಿ ಕೂಲಿಗಾರರಾಗಿ ದುಡಿಯುತ್ತಾರೆ ಎಂದು ನೇರವಾಗಿಯೇ ಹೇಳುತ್ತದೆ.

1981ರಲ್ಲಿ ಬಂದ ಮುಂದಿನ ಹಂತದ ಪೆಟ್ಟಿಗೆಯಲ್ಲಿ ಕೂಲಿ ಸೈನಿಕರ ಮಾಸಿಕ ಸಂಬಳದ ಪಟ್ಟಿಯೇ ಇದೆ. ಹಗುರ ಶಸ್ತ್ರದ ಕಾಲಾಳು ಮನುಷ್ಯನಾದರೆ ತಿಂಗಳಿಗೆ 2 ಚಿನ್ನದ ನಾಣ್ಯ, ಎಲ್ಫ್ ಎಂಬ ಕಿನ್ನರನಾದರೆ 4, ಆರ್ಕ್ ಆದರೆ 1. ತೋಳವನ್ನೇರಿ ಬರುವ ಗಾಬ್ಲಿನ್ ಸವಾರನಿಗೆ 5. ಈ ಪಟ್ಟಿಯನ್ನು ಸುಮ್ಮನೆ ಓದಿಕೊಂಡು ಹೋದರೆ ಇದೊಂದು ಕೋಷ್ಟಕ. ನಿಂತು ಓದಿದರೆ ಒಂದು ಸಮಾಜದ ಚಿತ್ರ. ಅದೇ ಈಟಿ, ಅದೇ ಕಾವಲು, ಅದೇ ಸಾವಿನ ಅಪಾಯ. ಆದರೆ ಆರ್ಕ್‌ನ ಕೂಲಿ ಮನುಷ್ಯನದರ ಅರ್ಧ, ಕಿನ್ನರನದರ ಕಾಲುಭಾಗ. ಪಟ್ಟಿ ಬರೆದವರಿಗೆ ಆಟದ ಲೆಕ್ಕ ಸರಿತೂಗಿಸುವುದಷ್ಟೇ ಬೇಕಿತ್ತು. ಆದರೂ ನಮ್ಮ ಲೋಕದ ಕೂಲಿಪಟ್ಟಿಗಳು ಅದರಲ್ಲಿ ಅರಿಯದೆಯೇ ಪಡಿಮೂಡಿವೆ.

ಅದೇ ವರ್ಷದ ಪ್ರಾರಂಭಿಕ ಪೆಟ್ಟಿಗೆಯಲ್ಲಿ ಧೈರ್ಯದ ಅಂಕಿಯೂ ಇದೆ. ಪ್ರತಿ ಕುಲಕ್ಕೂ 2ರಿಂದ 12ರವರೆಗೆ ಒಂದು ಸಂಖ್ಯೆ. ಕಾಳಗದಲ್ಲಿ ಮೊದಲ ಸಾವಾದಾಗ, ಮತ್ತೆ ಅರ್ಧ ಜನ ಬಿದ್ದಾಗ ಎರಡು ದಾಳ ಹಾಕಬೇಕು. ಮೊತ್ತ ಆ ಸಂಖ್ಯೆಯನ್ನು ಮೀರಿದರೆ ಕುಲ ಓಡುತ್ತದೆ ಇಲ್ಲವೇ ಶರಣಾಗುತ್ತದೆ. ಆರ್ಕ್‌ಗಳ ಧೈರ್ಯ 8. ನಾಯಕ ಸತ್ತರೆ ಅದು 6ಕ್ಕಿಳಿಯುತ್ತದೆ. ಲೆಕ್ಕ ಹಾಕಿ ನೋಡಿ: ಎರಡು ದಾಳಗಳ 36 ಸಾಧ್ಯತೆಗಳಲ್ಲಿ 8ನ್ನು ಮೀರುವವು 10, 6ನ್ನು ಮೀರುವವು 21. ಅಂದರೆ ನಾಯಕನೊಬ್ಬ ಉರುಳಿದರೆ ಪಡೆ ಒಡೆಯುವ ಸಂಭವ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಇದರಿಂದ ಜಾಣ ಆಟಗಾರರು ಒಂದು ವಿಷಯ ಅರಿತರು. ಕೂಲಿಗೆ ಕಾದಾಡುವವನನ್ನು ಕೊನೆಯ ಉಸಿರಿನವರೆಗೆ ಬಡಿಯಬೇಕಾಗಿಲ್ಲ. ಅವನ ಕಾರಣವನ್ನು ತೆಗೆದುಹಾಕಿದರೆ ಸಾಕು.

ಸ್ವಿಟ್ಜರ್ಲೆಂಡಿನಿಂದ ಶ್ರೀರಂಗಪಟ್ಟಣಕ್ಕೆ

ಈ ನಿಯಮಗಳನ್ನು ಬರೆದವರು ಮಧ್ಯಯುಗದ ಯುದ್ಧ ಚರಿತ್ರೆಯನ್ನು ಆಸಕ್ತಿಯಿಂದ ಓದಿಕೊಂಡಿದ್ದವರು. ಯುರೋಪಿನಲ್ಲಿ ಹದಿನಾಲ್ಕರಿಂದ ಹದಿನೇಳನೆಯ ಶತಮಾನದವರೆಗೆ ಯುದ್ಧವೆಂದರೆ ಬಹುಮಟ್ಟಿಗೆ ಗುತ್ತಿಗೆಯ ವ್ಯವಹಾರ. ಇಟಲಿಯ ನಗರರಾಜ್ಯಗಳು ಒಪ್ಪಂದ ಬರೆದುಕೊಂಡು ಕೂಲಿ ದಂಡುಗಳನ್ನು ತರುತ್ತಿದ್ದವು. ಇಂಗ್ಲೆಂಡಿನ ಜಾನ್ ಹಾಕ್‌ವುಡ್ ಹೀಗೆ ಪೋಪನ, ಮಿಲಾನಿನ, ಫ್ಲಾರೆನ್ಸಿನ ಸಂಬಳ ತಿಂದು 1394ರಲ್ಲಿ ತೀರಿಕೊಂಡ. ಫ್ಲಾರೆನ್ಸಿನ ಮಹಾದೇಗುಲದ ಗೋಡೆಯ ಮೇಲೆ ಅವನ ಅಶ್ವಾರೂಢ ಚಿತ್ರ ಇಂದಿಗೂ ಇದೆ. ಅದೇ ಫ್ಲಾರೆನ್ಸಿನ ಮ್ಯಾಕಿಯವೆಲ್ಲಿ 1513ರಲ್ಲಿ ಬರೆದ ‘ದ ಪ್ರಿನ್ಸ್’ ಕೃತಿಯಲ್ಲಿ, ಕೂಲಿ ಸೈನ್ಯವನ್ನು ನಂಬಿದ ಅರಸನಿಗೆ ನೆಮ್ಮದಿಯಿಲ್ಲವೆಂದು ಎಚ್ಚರಿಸಿದ.

ಎಲ್ಲರಿಗಿಂತ ಹೆಸರು ಮಾಡಿದ ಕೂಲಿ ಯೋಧರು ಸ್ವಿಸ್ ಬೆಟ್ಟಗಾಡಿನವರು. ಕಡಿಮೆ ಹೊಲ, ಹೆಚ್ಚು ಮಕ್ಕಳು, ಚಳಿಗಾಲದಲ್ಲಿ ಕೆಲಸವಿಲ್ಲ. ಉದ್ದದ ಈಟಿ ಹಿಡಿದು ಒತ್ತೊತ್ತಾಗಿ ನಡೆಯುವ ಅವರ ಪಡೆ ಕುದುರೆ ಸವಾರರನ್ನು ಮುರಿಯಿತು. ‘ಹಣವಿಲ್ಲವೆಂದರೆ ಸ್ವಿಸ್ಸನೂ ಇಲ್ಲ’ ಎಂಬ ಗಾದೆ ಫ್ರೆಂಚರಲ್ಲಿ ಹುಟ್ಟಿತು. 1500ರಲ್ಲಿ ನೊವಾರಾ ಎಂಬಲ್ಲಿ ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾ ಸ್ವಿಸ್ಸರನ್ನು ನೆಚ್ಚಿ ನಿಂತಾಗ ಎದುರಿನ ಫ್ರೆಂಚ್ ದಂಡಿನಲ್ಲಿಯೂ ಸ್ವಿಸ್ಸರೇ ಇದ್ದರು. ತಮ್ಮವರ ಮೇಲೆ ಕೈ ಮಾಡುವುದಿಲ್ಲವೆಂದು ದೊರೆಯ ಕಡೆಯವರು ಹೋರಾಡಲು ನಿರಾಕರಿಸಿದರು. ಸಿಪಾಯಿಯ ವೇಷದಲ್ಲಿ ಜಾರಿಕೊಳ್ಳಲೆತ್ನಿಸಿದ ದೊರೆ ಸಿಕ್ಕಿಬಿದ್ದು ಫ್ರಾನ್ಸಿನ ಸೆರೆಯಲ್ಲಿಯೇ ಸತ್ತ. ಮಾತು ಮುರಿಯುವವರೆಂಬ ಈ ಅಪಖ್ಯಾತಿಯ ಎದುರಿಗೆ ಇನ್ನೊಂದು ಚಿತ್ರವನ್ನೂ ಇಡಬೇಕು. 1527ರಲ್ಲಿ ರೋಮ್ ಲೂಟಿಯಾದಾಗ ಪೋಪನನ್ನು ಉಳಿಸಲು 189 ಸ್ವಿಸ್ ಕಾವಲುಗಾರರಲ್ಲಿ 147 ಜನ ಪ್ರಾಣ ಕೊಟ್ಟರು. ಕೂಲಿಗೆ ಬಂದವನಿಗೆ ನಿಷ್ಠೆಯೇ ಇಲ್ಲವೆಂದು ಯಾರೂ ಸುಲಭವಾಗಿ ಹೇಳುವಂತಿಲ್ಲ.

ಈ ಚರಿತ್ರೆ ನಮ್ಮ ನೆಲವನ್ನೂ ಮುಟ್ಟಿದೆ. 1781ರಲ್ಲಿ ನ್ಯೂಷಾಟೆಲ್ ಪ್ರಾಂತದ ಶಾರ್ಲ್ ಡೇನಿಯಲ್ ದ ಮ್ಯೂರಾನ್ ಎಂಬಾತ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಒಂದು ಕೂಲಿ ರೆಜಿಮೆಂಟ್ ಕಟ್ಟಿದ. 1795ರಲ್ಲಿ ಸಿಲೋನಿನಲ್ಲಿ ಅದು ಬ್ರಿಟಿಷರ ಸೇವೆಗೆ ದಾಟಿತು. ನಾಲ್ಕು ವರ್ಷಗಳ ನಂತರ, 1799ರ ಮೇ ತಿಂಗಳಲ್ಲಿ, ಅದೇ ದಂಡು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದವರಲ್ಲಿತ್ತು. ಕಾವೇರಿಯ ದಡದ ಹಳೆಯ ದಂಡಿನ ಸ್ಮಶಾನದಲ್ಲಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳಿವೆ. ಆಲ್ಪ್ಸ್ ತಪ್ಪಲಲ್ಲಿ ಹುಟ್ಟಿ, ಡಚ್ಚರ ಸಂಬಳಕ್ಕೆ ಸೇರಿ, ಇಂಗ್ಲಿಷರ ಯುದ್ಧ ಮಾಡಿ, ಟಿಪ್ಪುವಿನ ಊರಿನಲ್ಲಿ ಮಣ್ಣಾದವರು ಅವರು.

ಹಳಗನ್ನಡದಲ್ಲಿ ‘ಜೋಳದ ಪಾಳಿ’ ಎಂಬ ಮಾತಿದೆ. ಉಂಡ ಜೋಳದ ಋಣ ತೀರಿಸಲು ಒಡೆಯನಿಗಾಗಿ ಪ್ರಾಣ ಕೊಡುವುದು ವೀರನ ಧರ್ಮ. ನಮ್ಮ ವೀರಗಲ್ಲುಗಳ ಲೋಕ ಅದು. ಕೂಲಿ ಸೈನಿಕನ ಧರ್ಮ ಬೇರೆ: ಕರಾರು ಇರುವಷ್ಟು ದಿನ ಋಣ, ಕರಾರು ಮುಗಿದರೆ ಋಣವೂ ಮುಗಿಯಿತು. ನಮ್ಮ ಪುರಾಣದ ರಾಕ್ಷಸರು ಯುದ್ಧಕ್ಕೆ ಬಂದದ್ದು ಕೂಲಿಗಲ್ಲ. ಘಟೋತ್ಕಚ ತಂದೆಯ ಕರೆಗೆ ಬಂದ; ಅಲಾಯುಧ ತನ್ನವನಾದ ಬಕನನ್ನು ಭೀಮ ಕೊಂದ ಸೇಡಿಗೆ ಕೌರವರ ಕಡೆ ಸೇರಿದ. ರಕ್ತಸಂಬಂಧ, ಹಗೆ, ಋಣ ಇವು ನಮ್ಮ ರಾಕ್ಷಸರ ಕಾರಣಗಳು. ಸಂಬಳವೆಂಬ ಕಾರಣವನ್ನು ರಾಕ್ಷಸನಿಗೆ ಕೊಟ್ಟದ್ದು ಈ ಹೊಸ ಆಟಗಳ ವಿಶೇಷ.

ಬಾಡಿಗೆಯವರೇ ಒಡೆಯರಾದಾಗ

ಎಂಬತ್ತರ ದಶಕದಿಂದ ಇಂಥ ಕುಲಗಳು ಹೆಚ್ಚುತ್ತಾ ಹೋದವು. ಇಂಗ್ಲೆಂಡಿನಲ್ಲಿ 1983ರಲ್ಲಿ ಆರಂಭವಾದ ‘ವಾರ್‌ಹ್ಯಾಮರ್’ ಆಟದ ಓಗರ್‌ಗಳು ಯಾರ ಪರವಾಗಿಯಾದರೂ ಕಾದಾಡುವ ಹೊಟ್ಟೆಬಾಕರು. 1989ರ ‘ಸ್ಪೆಲ್‌ಜ್ಯಾಮರ್’ನಲ್ಲಿ ಗಿಫ್ ಎಂಬ ನೀರಾನೆ ಮೋರೆಯ ಕುಲ ಬಂತು. ಗತ್ತಿನ ಸಮವಸ್ತ್ರ, ಪದವಿಯ ಹುಚ್ಚು, ಮದ್ದುಗುಂಡಿನ ಮೋಹ, ಎಲ್ಲವೂ ವಸಾಹತು ಕಾಲದ ಬ್ರಿಟಿಷ್ ಅಧಿಕಾರಿಯ ಅಣಕ. ಗಿಫ್‌ಗಳ ಕರಾರಿನಲ್ಲಿ ಬಿಡದೆ ಬರುವ ಒಂದು ಷರತ್ತೆಂದರೆ, ಇನ್ನೊಬ್ಬ ಗಿಫ್‌ನ ವಿರುದ್ಧ ಹೋರಾಡುವುದಿಲ್ಲ ಎಂಬುದು. ನೊವಾರಾದ ಸ್ವಿಸ್ಸರು ಓದುಗರಿಗೆ ನೆನಪಾದರೆ ಆಶ್ಚರ್ಯವಿಲ್ಲ.

ಕೂಲಿ ಪಡೆಯ ಬಗೆಗಿನ ಅತಿ ದೊಡ್ಡ ಭಯವೆಂದರೆ ಅದು ಒಂದು ದಿನ ಮನೆಯನ್ನೇ ಕಬಳಿಸಬಹುದು ಎಂಬುದು. ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ಕ್ಯಾಟಲನ್ ಕಂಪನಿ. 1303ರಲ್ಲಿ ಬೈಜಾಂಟಿಯಂ ಚಕ್ರವರ್ತಿ ತುರ್ಕರ ವಿರುದ್ಧ ಹೋರಾಡಲು ಈ ಸ್ಪೇನ್ ಮೂಲದ ದಂಡನ್ನು ಕರೆಸಿದ. 1305ರಲ್ಲಿ ಅದರ ನಾಯಕ ರೋಜರ್ ದ ಫ್ಲೋರ್ ಕೊಲೆಯಾದ. ರೊಚ್ಚಿಗೆದ್ದ ದಂಡು ಸಾಮ್ರಾಜ್ಯವನ್ನೇ ಕೊಳ್ಳೆ ಹೊಡೆಯಿತು. ಆಮೇಲೆ ಅಥೆನ್ಸಿನ ಡ್ಯೂಕ್ ಅದನ್ನು ಕೂಲಿಗೆ ಹಿಡಿದು, ಕೆಲಸವಾದ ಮೇಲೆ ಬಾಕಿ ಸಂಬಳ ಕೊಡದೆ ಹೊರಡಿ ಎಂದ. 1311ರ ಮಾರ್ಚ್‌ನಲ್ಲಿ ನಡೆದ ಕದನದಲ್ಲಿ ಡ್ಯೂಕ್ ಸತ್ತ, ಅಥೆನ್ಸ್ ಕೂಲಿಗಾರರ ಕೈಸೇರಿತು. ಮುಂದಿನ ಏಳೂವರೆ ದಶಕ ಅದು ಅವರದಾಗಿಯೇ ಉಳಿಯಿತು.

ಇದರ ಪಡಿನೆರಳು 2004ರಲ್ಲಿ ಪ್ರಕಟವಾದ ‘ಎಬೆರಾನ್’ ಎಂಬ ಕಲ್ಪನಾಲೋಕದಲ್ಲಿ ಕಾಣುತ್ತದೆ. ಪ್ರಕಾಶಕರು 2002ರಲ್ಲಿ ನಡೆಸಿದ ಶೋಧದಲ್ಲಿ ಬಂದ ಸುಮಾರು 11,000 ಪ್ರಸ್ತಾವಗಳಲ್ಲಿ ಗೆದ್ದದ್ದು ಕೀತ್ ಬೇಕರ್ ಕಟ್ಟಿದ ಈ ಲೋಕ. ಅಲ್ಲಿ ಮನುಷ್ಯ ರಾಜ್ಯಗಳ ನಡುವೆ ಶತಮಾನ ಕಾಲದ ಯುದ್ಧ. ಸೈನಿಕರು ಸಾಲದಾದಾಗ ಸೈರ್ ಎಂಬ ರಾಜ್ಯ ಹಾಬ್‌ಗಾಬ್ಲಿನ್‌ಗಳನ್ನು ಕೂಲಿಗೆ ತರುತ್ತದೆ. ಹಾರೂಕ್ ಎಂಬ ಹಾಬ್‌ಗಾಬ್ಲಿನ್ ನಾಯಕ ಒಂದು ದಿನ ತಾನು ಕಾಯುತ್ತಿದ್ದ ನೆಲವನ್ನೇ ಹಿಡಿದು ಡಾರ್ಗೂನ್ ಎಂಬ ದೇಶ ಸ್ಥಾಪಿಸುತ್ತಾನೆ. ಯುದ್ಧ ಮುಗಿದು ಶಾಂತಿ ಒಪ್ಪಂದವಾದಾಗ ಉಳಿದ ರಾಜ್ಯಗಳು ಅದಕ್ಕೆ ಮಾನ್ಯತೆ ಕೊಡಬೇಕಾಗುತ್ತದೆ. ಬೇಕರ್ ಇದಕ್ಕೆ ಇನ್ನೊಂದು ಎಳೆ ಸೇರಿಸಿದ್ದಾರೆ. ಮನುಷ್ಯರು ಬರುವ ಮೊದಲು ಆ ಖಂಡದಲ್ಲಿ ಗಾಬ್ಲಿನ್ ಕುಲಗಳ ಸಾಮ್ರಾಜ್ಯವಿತ್ತು. ಹಾಗಾದರೆ ಹಾರೂಕ್ ಮಾಡಿದ್ದು ದ್ರೋಹವೋ, ಕಳೆದುಕೊಂಡ ನೆಲವನ್ನು ಹಿಂದೆ ಪಡೆದದ್ದೋ? ಆಟಗಾರರೇ ನಿರ್ಧರಿಸಬೇಕು.

ಅದೇ ಲೋಕದ ನೋಲ್‌ಗಳ ಕಥೆ ಇನ್ನೂ ಸ್ವಾರಸ್ಯಕರ. ಅವರ ಪೂರ್ವಿಕರು ಪಿಶಾಚಿ ಪ್ರಭುಗಳ ಆರಾಧಕರು. ಒಂದು ಕಾಲಕ್ಕೆ ಹಲವು ಕುಲಗಳು ಸೇರಿ, ಇನ್ನು ಯಾರಿಗೂ ಮಂಡಿಯೂರುವುದಿಲ್ಲವೆಂದು ಪಣತೊಟ್ಟು ವಿಗ್ರಹಗಳನ್ನು ಒಡೆದರು. ಅಂದಿನಿಂದ ಅವರು ಶಿಸ್ತಿನ ಕೂಲಿ ಯೋಧರು. ಇಲ್ಲಿ ಕೂಲಿ ಕೆಲಸ ಬಿಡುಗಡೆಯ ಗುರುತು. ದೇವರಿಗೆ ಗುಲಾಮನಾಗಿದ್ದವನು ಯಾರ ಕೆಲಸವನ್ನು ಎಷ್ಟು ದಿನ ಮಾಡಬೇಕೆಂದು ಈಗ ತಾನೇ ಗೊತ್ತುಮಾಡುತ್ತಾನೆ.

ಅವು ಮತ್ತು ಅವರು

ಈಗ ಮತ್ತೆ ಆ ಕಣಿವೆಗೆ ಬರೋಣ. ಗೈಗ್ಯಾಕ್ಸ್‌ನ ಪುಸ್ತಿಕೆಯಲ್ಲಿ ಪ್ರತಿ ಕುಲದ ಗುಹೆಗೂ ಯೋಧರ ಲೆಕ್ಕದ ಜೊತೆಗೆ ಹೆಂಗಸರ, ಮರಿಗಳ ಲೆಕ್ಕವೂ ಇದೆ. ಅವರು ಹೋರಾಡುವುದಿಲ್ಲ ಎಂಬ ಸೂಚನೆಯೂ ಇದೆ. ಯೋಧರು ಬಿದ್ದ ಮೇಲೆ ಇವರನ್ನೇನು ಮಾಡುವುದು? ಜಗತ್ತಿನಾದ್ಯಂತ ಮೇಜಿನ ಸುತ್ತ ಕುಳಿತ ಹದಿಹರೆಯದವರು ಈ ಪ್ರಶ್ನೆಯನ್ನಿಟ್ಟುಕೊಂಡು ವಾದಿಸಿದ್ದಾರೆ. ಹುಟ್ಟಿನಿಂದಲೇ ದುಷ್ಟಕುಲವಾದರೆ ಮರಿಯನ್ನೂ ಕೊಲ್ಲಬಹುದು ಎಂದು ಒಬ್ಬ. ದುಷ್ಟತನ ಹುಟ್ಟಿನಿಂದ ಬಂದುದಾದರೆ ಅದು ಅಪರಾಧ ಹೇಗಾದೀತು ಎಂದು ಇನ್ನೊಬ್ಬ. ಆಟವೆಂದು ಕುಳಿತವರು ಅರಿಯದೆಯೇ ಬಹಳ ಹಳೆಯ ಧರ್ಮಜಿಜ್ಞಾಸೆಯೊಂದಕ್ಕೆ ಇಳಿದಿದ್ದರು.

ಈ ವಾದದಲ್ಲಿ ಕೂಲಿಗಾರ ರಾಕ್ಷಸ ನಿರ್ಣಾಯಕ ಸಾಕ್ಷಿ. ಚೌಕಾಸಿ ಮಾಡಬಲ್ಲವನಿಗೆ ಬುದ್ಧಿಯಿದೆ. ಕರಾರು ಪಾಲಿಸಬಲ್ಲವನಿಗೆ ಮಾತಿನ ಬೆಲೆ ಗೊತ್ತಿದೆ. ಸೋಲು ಕಂಡು ಓಡುವವನಿಗೆ ಜೀವದ ಆಸೆಯಿದೆ, ಬಹುಶಃ ಮನೆಯಲ್ಲಿ ಕಾಯುವವರೂ ಇದ್ದಾರೆ. ಆರ್ಕ್‌ಗೆ ತಿಂಗಳಿಗೆ 1 ಚಿನ್ನದ ನಾಣ್ಯ ಎಂದು ಬರೆದ ಕ್ಷಣದಲ್ಲಿಯೇ, ಅವನು ಹುಟ್ಟಾ ಪಿಶಾಚಿಯಲ್ಲವೆಂದು ಆಟ ಒಪ್ಪಿಕೊಂಡಂತಾಗಿತ್ತು. ಆ ಒಪ್ಪಿಗೆಯನ್ನು ಬಾಯಿಬಿಟ್ಟು ಹೇಳಲು ಮಾತ್ರ ಹಲವು ದಶಕಗಳು ಬೇಕಾದವು. 2020ರಲ್ಲಿ ಆಟದ ಪ್ರಕಾಶಕರು, ಆರ್ಕ್‌ಗಳಂಥ ಜನರನ್ನು ಉಳಿದೆಲ್ಲ ಜನರಂತೆ ನೈತಿಕವಾಗಿ, ಸಾಂಸ್ಕೃತಿಕವಾಗಿ ಸಂಕೀರ್ಣರೆಂದೇ ಚಿತ್ರಿಸುವುದಾಗಿ ಪ್ರಕಟಿಸಿದರು. ಒಂದು ಜನಾಂಗವನ್ನೇ ಕ್ರೂರವೆಂದು ಬಣ್ಣಿಸುವ ಭಾಷೆ, ನಿಜಲೋಕದಲ್ಲಿ ಕೆಲವು ಜನಾಂಗಗಳ ವಿರುದ್ಧ ಬಳಸಿದ ಭಾಷೆಯನ್ನೇ ಹೋಲುತ್ತದೆಂಬ ಟೀಕೆ ಅದರ ಹಿಂದಿತ್ತು. 2024ರ ಆಟಗಾರರ ಕೈಪಿಡಿಯಲ್ಲಿ ಆರ್ಕ್ ನಾಯಕಪಾತ್ರವಾಗಬಲ್ಲ ಕುಲಗಳ ಸಾಲಿಗೆ ಸೇರಿದ. 2025ರ ರಾಕ್ಷಸರ ಪುಸ್ತಕದಲ್ಲಿ ಆರ್ಕ್‌ಗೆ ಪ್ರತ್ಯೇಕ ವಿವರವೇ ಇಲ್ಲ.

ಅದೇ 2025ರ ಪುಸ್ತಕದಲ್ಲಿ ನೋಲ್‌ಗಳ ಗತಿ ಇದಕ್ಕೆ ತೀರಾ ವಿರುದ್ಧವಾಯಿತು. ಅವು ಸಂಪೂರ್ಣವಾಗಿ ಪಿಶಾಚಿಗಳ ವರ್ಗಕ್ಕೆ ಸೇರಿದವು. ಹಸಿವು, ಕೊಲೆ ಬಿಟ್ಟರೆ ಅವಕ್ಕೆ ಬೇರೆ ಬಯಕೆಯಿಲ್ಲ. ಆಟಕ್ಕೆ ನಿಶ್ಶಂಕೆಯಿಂದ ಬಡಿಯಬಹುದಾದ ಶತ್ರುವೂ ಬೇಕಲ್ಲವೇ ಎಂಬುದು ಇಂಥ ಬದಲಾವಣೆಯ ಪರವಾದ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ದಿನದ ದಣಿವು ಕಳೆಯಲು ಆಡುವವರಿಗೆ ಪ್ರತಿ ಸಂಜೆಯೂ ಧರ್ಮಸಂಕಟ ಬೇಕಾಗುವುದಿಲ್ಲ. ಆದರೆ ಗೆರೆ ಎಲ್ಲಿ ಬಿದ್ದಿದೆ ಎಂಬುದನ್ನು ಗಮನಿಸಬೇಕು. ಸಂಬಳಕ್ಕೆ ಒಗ್ಗುವವರು ಜನರಾದರು, ಒಗ್ಗದವರು ಪಿಶಾಚಿಗಳಾದರು.

ಕನ್ನಡ ವ್ಯಾಕರಣ ಇಂಥಲ್ಲಿ ನಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಬುದ್ಧಿಯುಳ್ಳವರಿಗೆ ‘ಅವರು’, ಇಲ್ಲದವಕ್ಕೆ ‘ಅವು’ ಎಂದು ಅದು ಪ್ರತಿ ವಾಕ್ಯದಲ್ಲಿಯೂ ತೀರ್ಮಾನ ಕೇಳುತ್ತದೆ. ನಮ್ಮ ಹಿರಿಯರು ಬಕಾಸುರನನ್ನು ಕೂಡ ‘ಅವನು’ ಎಂದರೇ ಹೊರತು ‘ಅದು’ ಎನ್ನಲಿಲ್ಲ. ಈ ಲೇಖನದ ಆರಂಭದಲ್ಲಿ ಗಾಬ್ಲಿನ್‌ಗಳು ‘ಅವು’ ಆಗಿದ್ದವು. ಸಂಬಳದ ಪಟ್ಟಿ ದಾಟಿದ ಮೇಲೆ ಕೂಲಿಗೆ ಬಂದ ಕುಲಗಳನ್ನು ಹಾಗೆ ಕರೆಯಲು ಲೇಖನಿ ಒಪ್ಪಲಿಲ್ಲ. ಗುಪ್ತ ಬಾಗಿಲಿನಾಚೆ ಚೀಲ ಬಿದ್ದ ಸದ್ದಿಗೆ ಕಿವಿಗೊಟ್ಟು ಕುಳಿತ ಆ ಓಗರ್ ಮಾತ್ರ ಮೊದಲಿನಿಂದಲೂ ‘ಅವನು’. ದುಡಿಮೆಗೆ ಬೆಲೆ ಕೇಳಿದವನನ್ನು ‘ಅದು’ ಎನ್ನುವುದು ಕಷ್ಟ.